ಹಾಜರಾತಿ ಯಾರ ಕೈಯಲ್ಲಿರಬೇಕು? ಕಾಸರಗೋಡಿನ ಪದವಿ ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ

ಪ್ಲಸ್ ಟು ಫಲಿತಾಂಶ ಬಂದ ವಾರ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಯಾವ ಕಾಲೇಜು? ಯಾವ ವಿಷಯ? ಹೋಗಿಬರಲು ಬಸ್ ಇದೆಯೇ? ನಾಲ್ಕನೆಯದೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಆ ಕಾಲೇಜಿನಲ್ಲಿ ಎಷ್ಟು ಗಂಟೆ ತರಗತಿಯಲ್ಲಿ ಕುಳಿತಿರಲೇಬೇಕು, ಯಾವ ತರಗತಿಯಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನು ತೀರ್ಮಾನಿಸುವವರು ಯಾರು? ಸೇರಿದ ಮೇಲೆ, ಎರಡನೇ ಸೆಮಿಸ್ಟರ್‌ನ ಹೊತ್ತಿಗೆ, ಈ ಪ್ರಶ್ನೆಯೇ ಉಳಿದ ಮೂರಕ್ಕಿಂತ ದೊಡ್ಡದಾಗಿ ಎದುರು ನಿಲ್ಲುತ್ತದೆ. ಅಷ್ಟರಲ್ಲಿ ದಾರಿ ಬದಲಿಸಲು ತಡವಾಗಿರುತ್ತದೆ.

ಇಂದು ಇಲ್ಲಿನ ವಿದ್ಯಾರ್ಥಿಗೆ ನಾಲ್ಕು ದಾರಿಗಳಿವೆ. ಊರಿನಲ್ಲೇ ಇರುವ, ಕಣ್ಣೂರು ವಿಶ್ವವಿದ್ಯಾನಿಲಯದ ಅಧೀನದ ಕಾಲೇಜಿಗೆ ಸೇರಿ ಹಾಜರಾತಿಯ ನಿಯಮದೊಳಗೆ ಓದುವುದು ಒಂದು. ಕರ್ನಾಟಕದ ಗಡಿಯಲ್ಲಿರುವ ತಲಪಾಡಿಯನ್ನೋ ಅಡ್ಕಸ್ಥಳವನ್ನೋ ದಾಟಿ ಮಂಗಳೂರು, ಪುತ್ತೂರಿನ ಕಾಲೇಜಿಗೆ ಹೋಗುವುದು ಎರಡನೆಯದು. ದಿನನಿತ್ಯದ ತರಗತಿಯ ಹಂಗೇ ಇಲ್ಲದ ಮುಕ್ತ ವಿಶ್ವವಿದ್ಯಾಲಯ ಮೂರನೆಯದು. ಕಾಲೇಜಿನಲ್ಲಿದ್ದುಕೊಂಡೇ ಕೆಲವು ಕೋರ್ಸುಗಳನ್ನು ಆನ್‌ಲೈನ್‌ನಲ್ಲಿ ಮುಗಿಸುವ ನಡುದಾರಿ ನಾಲ್ಕನೆಯದು.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಏನನ್ನು ಕಲಿಯಬೇಕೆಂಬ ಆಯ್ಕೆ ಆದಷ್ಟೂ ವಿದ್ಯಾರ್ಥಿಯ ಕೈಯಲ್ಲಿರಬೇಕು. ಆಯ್ದ ತರಗತಿಗೆ ಹೋಗುವುದು ಮಾತ್ರ ಮೊದಲ ವರ್ಷದಲ್ಲಿ ಕಡ್ಡಾಯವಾಗಿಯೇ ಇರಲಿ, ಆಮೇಲೆ ಸಡಿಲವಾಗಲಿ. ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳಿಗೆ ಮೊದಲ ವರ್ಷದ ತರಗತಿಯನ್ನು ಬಿಡುವ ಸ್ವಾತಂತ್ರ್ಯ ಲಾಭ ತರುವುದಿಲ್ಲ.

ಎರಡು ಬೇರೆ ಸ್ವಾತಂತ್ರ್ಯಗಳು

‘ತರಗತಿಯ ಆಯ್ಕೆ’ ಎಂದಾಗ ಜನ ಎರಡು ಸಂಗತಿಗಳನ್ನು ಒಂದಾಗಿಸಿ ವಾದಿಸುತ್ತಾರೆ. ಯಾವ ವಿಷಯವನ್ನು ಓದಬೇಕೆಂದು ಆರಿಸುವುದು ಒಂದು, ಆರಿಸಿದ ವಿಷಯದ ಪಾಠಕ್ಕೆ ಇಂದು ಹೋಗಬೇಕೋ ಬೇಡವೋ ಎಂದು ನಿರ್ಧರಿಸುವುದು ಇನ್ನೊಂದು. ಎರಡರ ಇತಿಹಾಸವೂ ಬೇರೆ.

1810ರಲ್ಲಿ ಆರಂಭವಾದ ಬರ್ಲಿನ್ ವಿಶ್ವವಿದ್ಯಾಲಯ ಕಲಿಯುವವನ ಸ್ವಾತಂತ್ರ್ಯವನ್ನು ಒಂದು ತತ್ತ್ವವಾಗಿಯೇ ಎತ್ತಿಹಿಡಿಯಿತು. ಅಮೆರಿಕದ ಹಾರ್ವರ್ಡ್‌ನಲ್ಲಿ 1869ರಿಂದ 1909ರವರೆಗೆ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಕಡ್ಡಾಯ ವಿಷಯಗಳನ್ನು ಒಂದೊಂದಾಗಿ ತೆಗೆದು, ವಿದ್ಯಾರ್ಥಿಗಳು ತಮಗೆ ಬೇಕಾದ ಕೋರ್ಸುಗಳನ್ನು ಆರಿಸಿಕೊಳ್ಳುವ ಪದ್ಧತಿ ತಂದರು. ಅವರ ಬಳಿಕ ಬಂದ ಲಾರೆನ್ಸ್ ಲೊವೆಲ್ ಅದಕ್ಕೆ ಕಟ್ಟು ಹಾಕಿದರು. ಒಂದು ವಿಷಯದಲ್ಲಿ ಆಳ ಬೇಕು, ಉಳಿದ ಕ್ಷೇತ್ರಗಳಲ್ಲಿ ಒಂದಿಷ್ಟು ಹರಹೂ ಬೇಕು ಎಂದರು. ಇಂದು ನಮ್ಮಲ್ಲಿ ಮೇಜರ್ (ಮುಖ್ಯ ವಿಷಯ), ಮೈನರ್ (ಜೊತೆಗೆ ಓದುವ ವಿಷಯ) ಎಂದು ಹೇಳುವ ಏರ್ಪಾಡಿನ ಹಿಂದೆ ಇರುವುದು ಈ ಹಳೆಯ ಹಗ್ಗಜಗ್ಗಾಟವೇ.

ಹಾಜರಾತಿಯ ವಿಚಾರದಲ್ಲಿ ಜರ್ಮನಿಯ ಒಂದು ಪ್ರಯೋಗ ನಮಗೆ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯ 2014ರ ಕಾನೂನಿನಲ್ಲಿ, ಕೆಲವು ಬಗೆಯ ತರಗತಿಗಳನ್ನು ಹೊರತುಪಡಿಸಿ, ಹಾಜರಾತಿಯನ್ನು ಕಡ್ಡಾಯ ಮಾಡಬಾರದೆಂದು ವಿಶ್ವವಿದ್ಯಾಲಯಗಳಿಗೆ ಹೇಳಿತು. 2019ರಲ್ಲಿ ಆ ನಿಷೇಧವನ್ನು ಕೈಬಿಟ್ಟು, ತೀರ್ಮಾನವನ್ನು ಮತ್ತೆ ವಿಶ್ವವಿದ್ಯಾಲಯಗಳಿಗೇ ಒಪ್ಪಿಸಿತು. ಕಲಿಕೆಯ ಸ್ವಾತಂತ್ರ್ಯವನ್ನು ಇನ್ನೂರು ವರ್ಷ ಮೆರೆಸಿದ ನಾಡಿನಲ್ಲೇ ಐದು ವರ್ಷಗಳಲ್ಲಿ ಕಾನೂನು ಎರಡು ಬಾರಿ ಬದಲಾಯಿತು ಎಂದರೆ, ಇದು ಸುಲಭದ ಪ್ರಶ್ನೆಯಲ್ಲ.

ತರಗತಿಗೆ ಹೋಗುವುದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ? 2010ರಲ್ಲಿ, ಅಮೆರಿಕದ ಸಂಶೋಧಕರು ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡು ಫಲಿತಾಂಶಗಳು ಕಂಡವು. ಕಾಲೇಜಿನಲ್ಲಿ ಬರುವ ಅಂಕಗಳೊಂದಿಗೆ ಹಾಜರಾತಿಗೆ ಇರುವ ನಂಟು, ಪ್ರವೇಶ ಪರೀಕ್ಷೆಯ ಅಂಕಗಳಿಗೆ ಇರುವ ನಂಟಿಗಿಂತಲೂ ಗಟ್ಟಿ. ಆದರೆ ಹಾಜರಾತಿಯನ್ನು ಕಡ್ಡಾಯ ಮಾಡಿದ್ದರಿಂದ ಸರಾಸರಿ ಅಂಕ ಏರಿದ್ದು ಸ್ವಲ್ಪವೇ. ಈ ಎರಡನ್ನೂ ಜೊತೆಗಿಟ್ಟು ಓದಬೇಕು. ಮಗನನ್ನು ಹೇಗಾದರೂ ತರಗತಿಗೆ ತಳ್ಳಿದರೆ ಸಾಕೆಂದುಕೊಂಡ ಅಪ್ಪನಿಗೂ, ಹೋಗದಿದ್ದರೆ ಏನಂತೆ ಎನ್ನುವ ಮಗನಿಗೂ ಇದರಲ್ಲಿ ಅರ್ಧ ಉತ್ತರವೇ ಸಿಗುತ್ತದೆ. ತಾನಾಗಿ ಹೋಗುವವನಿಗೆ ತರಗತಿ ಹೆಚ್ಚು ಕೊಡುತ್ತದೆ. ಹಾಗೆ ತಾನಾಗಿ ಹೋಗುವ ಮನಸ್ಸು ಹುಟ್ಟುವುದು ತನಗೆ ಬೇಕಾದ ವಿಷಯ ಸಿಕ್ಕಾಗ. ಅದಕ್ಕಾಗಿಯೇ ವಿಷಯದ ಆಯ್ಕೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಶೇಕಡಾ 75ರ ಲೆಕ್ಕ

ಊರಿನ ಕಾಲೇಜುಗಳಲ್ಲಿ ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಾತಿ ಬೇಕು. ಹಾಗಾದರೆ ಕಾಲು ಭಾಗ ತರಗತಿಗಳನ್ನು ಬಿಡಬಹುದು ಎಂದು ಮಕ್ಕಳು ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನೇ ಮಾಡಿ ನೋಡೋಣ. ಒಂದು ಕ್ರೆಡಿಟ್ ಎಂದರೆ 15 ಗಂಟೆಗಳ ಪಾಠ, ಪ್ರಯೋಗವಾದರೆ 30 ಗಂಟೆ. ನಾಲ್ಕು ಕ್ರೆಡಿಟ್‌ಗಳ ಕೋರ್ಸು ಪೂರ್ತಿ ಪಾಠವಾಗಿಯೇ ನಡೆದರೆ 60 ಗಂಟೆ. ಅದರಲ್ಲಿ 45ಕ್ಕೆ ಇರಲೇಬೇಕು, 15 ತಪ್ಪಬಹುದು. ಮೂರು ಕ್ರೆಡಿಟ್‌ಗಳದಾದರೆ 45 ಗಂಟೆ, ತಪ್ಪಬಹುದಾದದ್ದು 11. ಒಂದು ಸೆಮಿಸ್ಟರ್‌ನಲ್ಲಿ ಇಂಥವು ಮೂರು, ಅಂಥವು ಮೂರು ಇದ್ದರೆ ಒಟ್ಟು 315 ಗಂಟೆಗಳಲ್ಲಿ ಹೆಚ್ಚೆಂದರೆ 78 ಗಂಟೆ ನಿಮ್ಮದು. ದಿನಕ್ಕೆ ಐದು ಗಂಟೆಯ ಪಾಠ ಎಂದಿಟ್ಟುಕೊಂಡರೆ ಹದಿನೈದು ದಿನಗಳಿಗಿಂತ ತುಸು ಹೆಚ್ಚು.

ಕಾಗದದ ಮೇಲೆ ಇದು ಧಾರಾಳವಾಗಿ ಕಾಣುತ್ತದೆ. ಆದರೆ ಈ ಹದಿನೈದು ದಿನಗಳು ಕಾಸರಗೋಡಿನಲ್ಲಿ ಎಲ್ಲಿಗೆ ಹೋಗುತ್ತವೆ ಎಂದು ನೋಡಿ. ಕಾಲೇಜು ಶುರುವಾಗುವುದೇ ಮಳೆಗಾಲದಲ್ಲಿ. ದೇಲಂಪಾಡಿ, ಎಣ್ಮಕಜೆ, ಪೈವಳಿಕೆಯ ಒಳಭಾಗದಿಂದ ಬರುವವರಿಗೆ ಒಂದು ಬಸ್ ತಪ್ಪಿದರೆ ಮೊದಲ ಗಂಟೆ ಹೋದಂತೆಯೇ. ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣದ ಕಾಲದಲ್ಲಿ ಕುಂಬಳೆ, ಉಪ್ಪಳದ ಕಡೆಯವರು ಮಾರ್ಗದಲ್ಲಿ ಎಷ್ಟು ಹೊತ್ತು ಕಳೆದರೆಂಬುದು ಅವರಿಗೇ ಗೊತ್ತು. ಜ್ವರ ಬಂದರೆ ಮೂರು ದಿನ. ಆಮೇಲೆ ಮನೆಯ ಮದುವೆ, ತರವಾಡಿನ ಕೋಲ, ಊರ ಜಾತ್ರೆ, ಉರೂಸು, ಅಡಿಕೆ ಕೊಯ್ಲಿನ ದಿನ ಆಳು ಸಿಗದೆ ಮನೆಯಲ್ಲೇ ಉಳಿದದ್ದು. ಮುಷ್ಕರದಿಂದಲೋ ಹರತಾಳದಿಂದಲೋ ತರಗತಿಯೇ ನಡೆಯದಿದ್ದರೆ ಅದು ನಿಮ್ಮ ಗೈರುಹಾಜರಿಯಲ್ಲ, ನಿಜ. ಆದರೆ ಆಗ ಒಟ್ಟು ಗಂಟೆಗಳೇ ಕಡಿಮೆಯಾಗುತ್ತವೆ. 60ರ ಜಾಗದಲ್ಲಿ 48 ಗಂಟೆ ಮಾತ್ರ ಪಾಠ ನಡೆದರೆ ತಪ್ಪಬಹುದಾದದ್ದು 15 ಅಲ್ಲ, 12. ತಪ್ಪಿಸಿದ ಪ್ರತಿ ಗಂಟೆಯ ತೂಕ ಏರುತ್ತದೆ.

ಪೇಟೆಯಲ್ಲಿ, ಕಾಲೇಜಿನ ಪಕ್ಕದಲ್ಲೇ ಮನೆ ಇರುವ ವಿದ್ಯಾರ್ಥಿಗೆ ಈ ಕಾಲು ಭಾಗ ನಿಜವಾಗಿಯೂ ಆಯ್ಕೆ. ಹಳ್ಳಿಯಿಂದ ಬರುವವಳಿಗೆ ಅದು ಮಳೆ, ಬಸ್ಸು, ಬಂಧುಬಳಗಕ್ಕೆ ಮೊದಲೇ ಖರ್ಚಾದ ಹಣ. ಇಬ್ಬರಿಗೂ ಒಂದೇ ನಿಯಮ ಎಂಬುದು ನ್ಯಾಯದಂತೆ ಕಂಡರೂ ಅದರ ಭಾರ ಬೀಳುವುದು ದೂರದವರ ಮೇಲೆಯೇ. ಕಡ್ಡಾಯ ಹಾಜರಾತಿಯನ್ನು ವಿರೋಧಿಸುವವರ ವಾದಗಳಲ್ಲಿ ನನಗೆ ಅತ್ಯಂತ ಬಲವಾಗಿ ಕಾಣುವುದು ಇದು. ಮೇಷ್ಟ್ರ ಪಾಠ ಬೇಸರ ತರುತ್ತದೆ ಎಂಬ ದೂರು ಇದರ ಮುಂದೆ ಏನೂ ಅಲ್ಲ.

ಸಡಿಲಿಕೆಗಳೂ ಇವೆ, ಕೇಳಿ ಪಡೆಯಬೇಕು. ಕೇರಳ ಸರ್ಕಾರ 2023ರ ಜನವರಿಯಲ್ಲಿ ಉನ್ನತ ಶಿಕ್ಷಣ ಇಲಾಖೆಯ ಅಡಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರಿಗೆ ಮುಟ್ಟಿನ ರಜೆಯ ಲೆಕ್ಕದಲ್ಲಿ ಶೇಕಡಾ 2ರ ವಿನಾಯಿತಿ ಕೊಟ್ಟಿತು. ಅವರಿಗೆ 73 ಸಾಕು. ಹದಿನೆಂಟು ತುಂಬಿದ ವಿದ್ಯಾರ್ಥಿನಿಯರಿಗೆ 60 ದಿನಗಳವರೆಗೆ ಹೆರಿಗೆ ರಜೆಯ ಅವಕಾಶವೂ ಅದೇ ಆದೇಶದಲ್ಲಿದೆ. ಎನ್.ಎಸ್.ಎಸ್., ಕ್ರೀಡೆ, ಕಲೋತ್ಸವಕ್ಕೆ ಹೋದ ದಿನಗಳಿಗೆ, ಹಾಜರಿಯೆಂದೇ ಲೆಕ್ಕಕ್ಕೆ ಬರುವ ಡ್ಯೂಟಿ ಲೀವ್ ಇದೆ. ಕಾಯಿಲೆಯಿಂದ ಹಾಜರಾತಿ ಕಡಿಮೆಯಾದರೆ ವೈದ್ಯರ ಪ್ರಮಾಣಪತ್ರ, ಪ್ರಿನ್ಸಿಪಾಲರ ಶಿಫಾರಸು, ನಿಗದಿತ ಶುಲ್ಕದೊಂದಿಗೆ ಕಂಡೊನೇಶನ್‌ಗೆ, ಅಂದರೆ ಕೊರತೆಯ ಮನ್ನಾಕ್ಕೆ, ಅರ್ಜಿ ಹಾಕಬಹುದು. ಅದನ್ನು ಪದೇಪದೇ ಕೊಡುವುದಿಲ್ಲ. ಇನ್ನೊಂದು ಬೆಳವಣಿಗೆಯನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಹಾಜರಾತಿಯ ಕೊರತೆಯೊಂದನ್ನೇ ಕಾರಣ ಮಾಡಿ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದೆಂದು 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಅದು ಕಾನೂನು ಶಿಕ್ಷಣದ ಕುರಿತಾದದ್ದು, ಅದನ್ನು ನೆಚ್ಚಿಕೊಂಡು ಇಲ್ಲಿ ಬಿ.ಕಾಂ. ತರಗತಿ ತಪ್ಪಿಸಬೇಡಿ.

ಯಾವ ತರಗತಿ ತಪ್ಪಿದರೆ ತುಂಬಿಕೊಳ್ಳಬಹುದು

ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದ ಹುಡುಗಿಯೊಬ್ಬಳು ಪದವಿಯ ಮೊದಲ ವಾರ ಅರ್ಥಶಾಸ್ತ್ರದ ತರಗತಿಯಲ್ಲಿ ಕುಳಿತಿದ್ದಾಳೆ ಎಂದಿಟ್ಟುಕೊಳ್ಳಿ. ಪಠ್ಯ ಇಂಗ್ಲಿಷಿನಲ್ಲಿದೆ. ಅಧ್ಯಾಪಕರು ಇಂಗ್ಲಿಷಿನಲ್ಲಿ ಆರಂಭಿಸಿ ವಿವರಣೆಗೆ ಬಂದಾಗ ಮಲಯಾಳಕ್ಕೆ ಹೊರಳುತ್ತಾರೆ. ಅವಳ ಮನೆಯಲ್ಲಿ ಕನ್ನಡವೋ ತುಳುವೋ ಹವ್ಯಕವೋ ಆಡುತ್ತಾರೆ. ಪೇಟೆಯ ಮಲಯಾಳ ಅವಳಿಗೆ ಬರುತ್ತದೆ, ಪಾಠದ ಮಲಯಾಳ ಬರುವುದಿಲ್ಲ. ಒಂದು ತಿಂಗಳು ಅವಳಿಗೆ ಅರ್ಧದಷ್ಟೂ ತಿಳಿಯಲಿಕ್ಕಿಲ್ಲ. ಆ ಒಂದು ತಿಂಗಳೇ ಅವಳು ತರಗತಿಯನ್ನು ಬಿಡಲು ಮನಸ್ಸು ಮಾಡುವ ತಿಂಗಳೂ ಹೌದು. ಮನೆಯಲ್ಲೇ ನೋಟ್ಸ್ ಓದಿಕೊಳ್ಳುತ್ತೇನೆ, ಮೊಬೈಲ್‌ನಲ್ಲಿ ಕನ್ನಡದ ವೀಡಿಯೋ ನೋಡಿಕೊಳ್ಳುತ್ತೇನೆ ಎನ್ನುತ್ತಾಳೆ. ಅವಳು ಹಾಗೆ ಮಾಡಿದರೆ ಆ ತರಗತಿ ಮೂರು ವರ್ಷವೂ ಅವಳಿಗೆ ಅಪರಿಚಿತವಾಗಿಯೇ ಉಳಿಯುತ್ತದೆ. ಕಿವಿ ಪಳಗುವುದು ಕೇಳಿಯೇ. ಅಧ್ಯಾಪಕರು ಒಂದೇ ಪದವನ್ನು ಮೂರು ಸಂದರ್ಭಗಳಲ್ಲಿ ಬಳಸಿದ್ದನ್ನು ಕೇಳಿದ ಮೇಲೆ ಪುಸ್ತಕದ ವಾಕ್ಯ ತಾನಾಗಿ ತೆರೆದುಕೊಳ್ಳುತ್ತದೆ. ಓಣಂ ರಜೆಯವರೆಗೆ ಒಂದು ಗಂಟೆಯನ್ನೂ ಬಿಡದೆ ಕೂತವರಿಗೂ, ಆಗಾಗ ತಪ್ಪಿಸಿದವರಿಗೂ ನಡುವಿನ ಅಂತರ ಮೊದಲ ಸೆಮಿಸ್ಟರ್‌ನ ಕೊನೆಗೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ.

ಮೊದಲ ವರ್ಷ ಕಡ್ಡಾಯ ಇರಲಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿ ಬಂದ ಮಗುವಿಗೆ ಈ ಮಾತು ಇಷ್ಟು ಬಿಗಿಯಾಗಿ ಅನ್ವಯವಾಗದು.

ಎರಡನೇ ವರ್ಷದಿಂದ ಆಯ್ಕೆ ಮಾಡುವಾಗ ತರಗತಿಯ ಬಗೆಯನ್ನು ನೋಡಬೇಕು. ಪ್ರಯೋಗಾಲಯವನ್ನು ತಪ್ಪಿಸಿದರೆ ತುಂಬಿಕೊಳ್ಳಲು ಸಾಧ್ಯವಿಲ್ಲ. ಭಾಷಾ ತರಗತಿ, ಚರ್ಚೆಯ ತರಗತಿ, ಹಳಗನ್ನಡ ಪದ್ಯವನ್ನು ಸಾಲುಸಾಲಾಗಿ ಬಿಡಿಸಿ ಓದುವ ತರಗತಿ ಇವೂ ಹಾಗೆಯೇ. ಹಳಗನ್ನಡದ ಒಂದು ಪದ್ಯವನ್ನು ಗಟ್ಟಿಯಾಗಿ ಓದುವ ಅಧ್ಯಾಪಕರ ಧ್ವನಿಯನ್ನು ಗೈಡ್ ಪುಸ್ತಕ ಕೊಡಲಾರದು. ಲೆಕ್ಕಶಾಸ್ತ್ರದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನ ಮೂರು ತಪ್ಪುತ್ತವೆ. ಪಠ್ಯಪುಸ್ತಕವನ್ನು ಬರೆಯಿಸಿಕೊಡುವ ಗಂಟೆಗಳು, ಪುನರಾವರ್ತನೆಯ ಗಂಟೆಗಳು ತಪ್ಪಿದರೆ ನಷ್ಟ ಕಡಿಮೆ. ಅನಿವಾರ್ಯವಾಗಿ ಒಂದು ದಿನ ಬಿಡಬೇಕಾದಾಗ ವೇಳಾಪಟ್ಟಿ ನೋಡಿ ಬಿಡಿ. ವಾರದ ಒಂದೇ ದಿನವನ್ನು ಮತ್ತೆ ಮತ್ತೆ ಬಿಟ್ಟರೆ ಒಂದೇ ವಿಷಯದ ಹಾಜರಾತಿ ಕುಸಿಯುತ್ತದೆ.

ಆಂತರಿಕ ಅಂಕದ ಮಾತೂ ಇದೆ. ಈಗಿನ ಪದ್ಧತಿಯಲ್ಲಿ ನೂರಕ್ಕೆ 30 ಅಂಕ ಕಾಲೇಜಿನಲ್ಲೇ ಸಿಗುತ್ತದೆ, 70 ವಿಶ್ವವಿದ್ಯಾಲಯದ ಪರೀಕ್ಷೆಗೆ. ಸೆಮಿನಾರ್, ಅಸೈನ್‌ಮೆಂಟ್, ಸಣ್ಣ ಪರೀಕ್ಷೆಗಳ ದಿನ ಗೊತ್ತಾಗುವುದೂ ತರಗತಿಯಲ್ಲಿಯೇ.

ಊರಿನ ಕಾಲೇಜೋ, ಗಡಿಯಾಚೆಯ ಕಾಲೇಜೋ

ಆಚೆಗೆ ಹೋದರೆ ಹಾಜರಾತಿ ಸಡಿಲವಾದೀತು ಎಂದು ನೆನೆಯುವವರಿದ್ದಾರೆ. ಹಾಗೇನೂ ಇಲ್ಲ. ಮಂಗಳೂರು ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲೂ ಶೇಕಡಾ 75ರ ನಿಯಮವೇ ಇದೆ. ಖಾಸಗಿ ಮತ್ತು ಸ್ವಾಯತ್ತ ಕಾಲೇಜುಗಳಲ್ಲಿ ಅದನ್ನು ಇನ್ನೂ ಬಿಗಿಯಾಗಿ ನೋಡುವುದುಂಟು, ಗೈರಾದ ದಿನವೇ ಮನೆಗೆ ಸಂದೇಶ ಬರುತ್ತದೆ.

ವ್ಯತ್ಯಾಸ ಇರುವುದು ಪದವಿಯ ಅವಧಿಯಲ್ಲಿ. ಕೇರಳ 2024ರ ಜುಲೈಯಲ್ಲಿ ನಾಲ್ಕು ವರ್ಷಗಳ ಪದವಿಯನ್ನು ತಂದಿತು. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕನೆಯ ವರ್ಷ ಓದಿದರೆ ಆನರ್ಸ್. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಪದ್ಧತಿಯನ್ನು ಆರಂಭಿಸಿ, 2024ರಿಂದ ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಮುಂದೆ ಸಂಶೋಧನೆಗೆ ಹೋಗುವ ಆಸೆಯಿದ್ದರೆ ಈ ವ್ಯತ್ಯಾಸವನ್ನು ಮೊದಲೇ ತೂಗಿ ನೋಡಿ.

ದಿನನಿತ್ಯದ ತೊಂದರೆಗಳು ಬೇರೆಯೇ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಬೆಳಗಿನ ರೈಲಿನ ಸೀಸನ್ ಟಿಕೆಟ್ ಅಗ್ಗ, ಆದರೆ ರೈಲಿನ ಹೊತ್ತು ಕಾಲೇಜಿನ ಗಂಟೆಗೆ ಹೊಂದಬೇಕು. ಮಳೆಗಾಲದಲ್ಲಿ ಇಲ್ಲಿನ ಜಿಲ್ಲಾಧಿಕಾರಿ ರಜೆ ಘೋಷಿಸಿದ ದಿನ ಅಲ್ಲಿ ಪಾಠ ನಡೆಯಬಹುದು, ಅಲ್ಲಿ ರಜೆಯಾದ ದಿನ ಇಲ್ಲಿ ಮಳೆಯೇ ಇಲ್ಲದಿರಬಹುದು. ಓಣಂಗೆ ಇಲ್ಲಿ ವಾರಗಟ್ಟಲೆ ರಜೆ, ಅಲ್ಲಿ ಇಲ್ಲ. ದಸರಾ ರಜೆಯದ್ದೂ ಇದೇ ಕಥೆ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮರುವರ್ಷ ಕೋವಿಡ್ ಪರೀಕ್ಷೆಯ ಪ್ರಮಾಣಪತ್ರ ಕೇಳಿದಾಗ ದಿನವೂ ಹೋಗಿಬರುತ್ತಿದ್ದ ವಿದ್ಯಾರ್ಥಿಗಳು ಪಟ್ಟ ಪಾಡನ್ನು ಗಡಿನಾಡು ಮರೆತಿಲ್ಲ. ಹಾಸ್ಟೆಲ್‌ನಲ್ಲಿ ಇರುವಷ್ಟು ಅನುಕೂಲವಿದ್ದರೆ ಮಾತು ಬೇರೆ.

ಹಾಗಿದ್ದರೂ ಆಚೆಯ ಕಾಲೇಜಿನ ಒಂದು ದೊಡ್ಡ ಆಕರ್ಷಣೆಯನ್ನು ತಳ್ಳಿಹಾಕಲಾಗದು. ಅಲ್ಲಿ ತರಗತಿಯ ಹೊರಗೂ ಕನ್ನಡ ಇದೆ. ಅಧ್ಯಾಪಕರೊಡನೆ ಅನುಮಾನವನ್ನು ಕನ್ನಡದಲ್ಲಿ ಕೇಳಬಹುದು, ಕಚೇರಿಯ ಅರ್ಜಿಯನ್ನು ಕನ್ನಡದಲ್ಲಿ ಬರೆಯಬಹುದು. ಪೆರ್ಲ, ಎಣ್ಮಕಜೆಯವರಿಗೆ ಪುತ್ತೂರು ದೂರವೇನಲ್ಲ. ಸ್ನಾತಕೋತ್ತರಕ್ಕಾದರೆ ವರ್ಕಾಡಿ, ಮೀಂಜ ಕಡೆಯವರಿಗೆ ಮಂಗಳೂರು ವಿಶ್ವವಿದ್ಯಾನಿಲಯ ಇರುವ ಕೊಣಾಜೆ ಹತ್ತಿರವಿದೆ. ವೃತ್ತಿಪರ ಕೋರ್ಸುಗಳಿಗೆ ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವೂ ಇದೆ. ಆದರೆ ಮುಂದೆ ಕೇರಳದಲ್ಲೇ ಸರ್ಕಾರಿ ಕೆಲಸ ಬೇಕೆಂದಿದ್ದರೆ, ಹೊರ ರಾಜ್ಯದ ಪದವಿ ಇಲ್ಲಿನದಕ್ಕೆ ಸಮಾನ ಎಂದು ತೋರಿಸುವ ತುಲ್ಯತಾ ಪ್ರಮಾಣಪತ್ರ ಕೇಳುವ ಸಂದರ್ಭಗಳಿವೆ ಎಂಬುದು ಗಮನದಲ್ಲಿರಲಿ.

ಮುಕ್ತ ವಿಶ್ವವಿದ್ಯಾಲಯ

ಹಾಜರಾತಿಯ ಸ್ವಾತಂತ್ರ್ಯ ಪೂರ್ತಿಯಾಗಿ ಸಿಗುವುದು ಇಲ್ಲಿ ಮಾತ್ರ. 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ದೇಶಕ್ಕೆಲ್ಲ ತೆರೆದಿದೆ. ಕೇರಳಕ್ಕೆ 2020ರಲ್ಲಿ ಕೊಲ್ಲಂನಲ್ಲಿ ಶ್ರೀ ನಾರಾಯಣ ಗುರು ಮುಕ್ತ ವಿಶ್ವವಿದ್ಯಾಲಯ ಬಂತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇದೆ. ದೂರಶಿಕ್ಷಣದ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) 2022ರಲ್ಲಿ ಸ್ಪಷ್ಟಪಡಿಸಿದೆ.

ಇದು ಯಾರಿಗೆ ಸರಿ? ನವೆಂಬರ್‌ನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನ ಮೇಳದಲ್ಲಿ ರಾತ್ರಿಯಿಡೀ ವೇಷ ಮಾಡುವ ಹುಡುಗನಿಗೆ ಬೆಳಗ್ಗೆ ಒಂಬತ್ತೂವರೆಯ ತರಗತಿ ಸಾಧ್ಯವೇ ಇಲ್ಲ. ತಂದೆ ತೀರಿಹೋಗಿ ತೋಟದ ಕೆಲಸ ಹೆಗಲಿಗೆ ಬಂದವನಿಗೆ, ಅಂಗಡಿಯಲ್ಲಿ ದುಡಿಯುವವಳಿಗೆ, ಮದುವೆಯಾಗಿ ಎಳೆಯ ಮಗುವಿರುವ ತಾಯಿಗೆ ಇದು ಘನತೆಯ ದಾರಿ. ಇಂಥವರನ್ನು ‘ಕಾಲೇಜಿಗೆ ಹೋಗದವರು’ ಎಂದು ಕೀಳಾಗಿ ಕಾಣುವುದನ್ನು ನಮ್ಮ ಊರುಗಳು ಬಿಡಬೇಕು.

ಬೆಳಗ್ಗೆ ಏಳಲು ಆಗುವುದಿಲ್ಲ ಎಂಬ ಕಾರಣಕ್ಕೆ ಇದನ್ನು ಆರಿಸುವ ಹದಿನೆಂಟರ ಹುಡುಗನಿಗೆ ಮಾತ್ರ ನಾನು ಬೇಡವೆನ್ನುತ್ತೇನೆ. ತರಗತಿಯಿಲ್ಲದ ಓದು ಹೆಚ್ಚಿನ ಶಿಸ್ತನ್ನು ಬೇಡುತ್ತದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಅಸೈನ್‌ಮೆಂಟ್‌ಗೆ ಸಾಮಾನ್ಯವಾಗಿ ಶೇಕಡಾ 30ರ ತೂಕವಿದೆ. ಅದನ್ನು ಗಡುವಿನೊಳಗೆ ಬರೆದು ಸಲ್ಲಿಸಲು ನೆನಪಿಸುವವರು ಯಾರೂ ಇರುವುದಿಲ್ಲ. ಸಹಪಾಠಿಗಳಿಲ್ಲ, ಸಂಜೆ ಗ್ರಂಥಾಲಯದ ಎದುರು ನಿಂತು ವಾದಿಸಲು ಜನರಿಲ್ಲ. ಮಾನ್ಯತೆಯನ್ನೂ ಪ್ರತಿ ವರ್ಷ ಪರಿಶೀಲಿಸಬೇಕು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಕೆಲವು ವರ್ಷ ಯು.ಜಿ.ಸಿ. ಮಾನ್ಯತೆ ಇರಲಿಲ್ಲ, 2018ರಲ್ಲಿ ಅದು ಮರಳಿ ಸಿಕ್ಕಿತು. ನಡುವೆ ಸೇರಿದವರು ಬಹಳ ಒದ್ದಾಡಿದರು. ನೀವು ಸೇರುವ ವರ್ಷ, ನೀವು ಸೇರುವ ಕೋರ್ಸಿಗೇ ಮಾನ್ಯತೆ ಇದೆಯೇ ಎಂಬುದನ್ನು ಯು.ಜಿ.ಸಿ.ಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ನೋಡಿ. ರಾಜ್ಯ ಮುಕ್ತ ವಿಶ್ವವಿದ್ಯಾಲಯಗಳು ತಮ್ಮ ಅಧ್ಯಯನ ಕೇಂದ್ರಗಳನ್ನು ಸ್ವಂತ ರಾಜ್ಯದೊಳಗೇ ನಡೆಸಬೇಕಾದ್ದರಿಂದ ಮೈಸೂರಿನದನ್ನು ಆರಿಸಿದರೆ ಪರೀಕ್ಷೆಗೂ ಸಂಪರ್ಕ ತರಗತಿಗೂ ಗಡಿ ದಾಟಲೇಬೇಕು.

ನಡುದಾರಿಯ ಬಗ್ಗೆ ಎರಡು ಮಾತು ಸಾಕು. ಆನ್‌ಲೈನ್ ಕೋರ್ಸುಗಳಿಗಾಗಿ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ 2017ರಿಂದ ಇದೆ. ಒಂದು ಸೆಮಿಸ್ಟರ್‌ನ ಶೇಕಡಾ 40ರಷ್ಟು ಕೋರ್ಸುಗಳನ್ನು ಅದರ ಮೂಲಕ ಮಾಡಲು ಯು.ಜಿ.ಸಿ. ನಿಯಮದಲ್ಲಿ ಅವಕಾಶವಿದೆ, ಆದರೆ ನಿಮ್ಮ ಕಾಲೇಜು ಒಪ್ಪಿದರೆ ಮಾತ್ರ ಆ ಕ್ರೆಡಿಟ್ ಲೆಕ್ಕಕ್ಕೆ ಬರುತ್ತದೆ. 2022ರಿಂದ ಒಂದೇ ಕಾಲದಲ್ಲಿ ಎರಡು ಪದವಿಗೂ ಅನುಮತಿ ಇದೆ. ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾ ದೂರಶಿಕ್ಷಣದಲ್ಲಿ ಇನ್ನೊಂದು ವಿಷಯ ಓದಲು ಇಚ್ಛಿಸುವವರಿಗೆ ಇದು ಒಳ್ಳೆಯ ಬಾಗಿಲು.

ವಿಷಯದ ಆಯ್ಕೆ, ಕನ್ನಡದ ಆಯ್ಕೆ

ಕೇರಳದ ಹೊಸ ಪದವಿಯಲ್ಲಿ ಮೂರು ವರ್ಷಕ್ಕೆ 133, ನಾಲ್ಕು ವರ್ಷಕ್ಕೆ 177 ಕ್ರೆಡಿಟ್. ಮೇಜರ್ ಜೊತೆಗೆ ಮೈನರ್ ವಿಷಯಗಳಿವೆ, ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆ ಇದೆ, ಬೇರೆ ವಿಭಾಗದಿಂದ ಆರಿಸಬಹುದಾದ ಬಹುಶಿಸ್ತೀಯ ಕೋರ್ಸುಗಳಿವೆ. ಹಿಂದೆ ವಿಜ್ಞಾನದ ವಿದ್ಯಾರ್ಥಿಗೆ ಎರಡನೇ ಭಾಷೆಯಾಚೆಗೆ ಸಾಹಿತ್ಯ ಸಿಗುತ್ತಿದ್ದುದು ಕಡಿಮೆ. ಈಗ ರಸಾಯನಶಾಸ್ತ್ರ ಮೇಜರ್ ಇಟ್ಟುಕೊಂಡು ಕನ್ನಡವನ್ನು ಮೈನರ್ ಆಗಿ ಓದಲು ನಿಯಮದ ಅಡ್ಡಿಯಿಲ್ಲ. ನಾನು ಹೆಚ್ಚು ಬೆಲೆ ಕೊಡುತ್ತೇನೆ ಎಂದ ಸ್ವಾತಂತ್ರ್ಯ ಇದೇ.

ಆದರೆ ಈ ಸ್ವಾತಂತ್ರ್ಯ ಕಾಲೇಜಿನ ಪಟ್ಟಿಯಲ್ಲಿ ಇರುವಷ್ಟೇ. ಆ ವಿಷಯದ ವಿಭಾಗ ಇಲ್ಲದಿದ್ದರೆ, ಇದ್ದರೂ ವೇಳಾಪಟ್ಟಿ ಹೊಂದದಿದ್ದರೆ, ಸಾಕಷ್ಟು ಮಂದಿ ಸೇರದಿದ್ದರೆ ಆಯ್ಕೆ ಕಾಗದದಲ್ಲೇ ಉಳಿಯುತ್ತದೆ. ಕನ್ನಡಿಗರಾದ ನಾವು ಎಚ್ಚರವಾಗಿರಬೇಕಾದದ್ದು ಇಲ್ಲಿ. ಅಧ್ಯಾಪಕರ ಹುದ್ದೆ ಮಂಜೂರಾಗುವುದು ವಾರಕ್ಕೆ ಎಷ್ಟು ಗಂಟೆಯ ಪಾಠವಿದೆ ಎಂಬ ಲೆಕ್ಕದ ಮೇಲೆ. ಒಂದು ವರ್ಷ ಎರಡನೇ ಭಾಷೆಯಾಗಿ ಕನ್ನಡವನ್ನು ಆರಿಸುವವರು ಕಡಿಮೆಯಾದರೆ ಗಂಟೆ ಕಡಿಮೆಯಾಗುತ್ತದೆ, ಗಂಟೆ ಕಡಿಮೆಯಾದರೆ ಹುದ್ದೆಗೆ ಕುತ್ತು. ಹುದ್ದೆ ಹೋದ ಮೇಲೆ ಮುಂದಿನ ವರ್ಷ ಬರುವ ಮಗು ಕನ್ನಡ ಬೇಕೆಂದರೂ ಸಿಗುವುದಿಲ್ಲ. ಇಂದು ‘ಹಿಂದಿ ಸುಲಭ, ಅಂಕ ಹೆಚ್ಚು ಬರುತ್ತದಂತೆ’ ಎಂಬ ಮಾತನ್ನು ಕೇಳಿ ಕನ್ನಡವನ್ನು ಬಿಡುವ ವಿದ್ಯಾರ್ಥಿ ತನ್ನ ತಮ್ಮ ತಂಗಿಯರ ಆಯ್ಕೆಯನ್ನೂ ಬಿಟ್ಟುಕೊಡುತ್ತಾನೆ. ಈ ಹೊರೆಯನ್ನು ಹದಿನೆಂಟರ ಮಕ್ಕಳ ತಲೆಗೆ ಕಟ್ಟುವುದು ಸರಿಯೇ ಎಂದು ಕೇಳಬಹುದು. ಸರಿಯಲ್ಲ. ಭಾಷಾ ಅಲ್ಪಸಂಖ್ಯಾತರ ಜಿಲ್ಲೆಯಲ್ಲಿ ಸಂಖ್ಯೆ ಕಡಿಮೆಯಾದರೂ ವಿಭಾಗವನ್ನು ಉಳಿಸಿಕೊಳ್ಳುವುದು ಸರ್ಕಾರದ ಹೊಣೆ. ಆದರೆ ಸರ್ಕಾರದ ಮುಂದೆ ಆ ವಾದವನ್ನು ಮಂಡಿಸಲು ತರಗತಿಯಲ್ಲಿ ತಲೆಗಳು ಕಾಣಬೇಕು.

ಅವಕಾಶಗಳು ಕಡಿಮೆಯೇನಲ್ಲ. 1957ರಲ್ಲಿ ಆರಂಭವಾದ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ.ಯಿಂದ ಎಂ.ಎ.ವರೆಗೆ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರ್ಕಾರಿ ಕಾಲೇಜು 1980ರಿಂದ ನಡೆಯುತ್ತಿದೆ. ಕಾಸರಗೋಡಿನ ವಿದ್ಯಾನಗರದಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಕೇಂದ್ರವಿದೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲೂ ಕನ್ನಡ ವಿಭಾಗವಿದೆ. ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಅಧ್ಯಾಪಕರು ಬೇಕು, ಕಚೇರಿಗಳಿಗೆ ಕನ್ನಡ ಬಲ್ಲ ನೌಕರರು ಬೇಕು, ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಅನುವಾದಕರಂತೂ ಬೆರಳೆಣಿಕೆಯಷ್ಟು. ಎರಡೂ ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗಿಂತ ಈ ಕೆಲಸಕ್ಕೆ ತಕ್ಕವರು ಇನ್ನಾರಿದ್ದಾರೆ?

ವಿಷಯವನ್ನು ಆರಿಸುವಾಗ ಯಾವ ಮೇಷ್ಟ್ರು ಹಾಜರಿ ಕೇಳುವುದಿಲ್ಲ, ಯಾವ ಕೋರ್ಸಿಗೆ ಅಂಕ ಸುಲಭ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಬೇಡಿ. ಯಾವ ತರಗತಿ ಮುಗಿದ ಮೇಲೂ ಮಾತು ಮುಂದುವರಿಯುತ್ತದೆ ಎಂದು ಕೇಳಿ. ಆ ತರಗತಿಗೆ ನೀವು ನಿಯಮವಿಲ್ಲದೆಯೂ ಹೋಗುತ್ತೀರಿ.

ಸೇರುವ ಮುನ್ನ

ಪ್ರವೇಶದ ದಿನ ಕಾಲೇಜಿನ ಕಚೇರಿಯಲ್ಲಿ ಶುಲ್ಕ ಕಟ್ಟುವ ಗಡಿಬಿಡಿಯಲ್ಲೂ ಕೆಲವನ್ನು ಕೇಳಿಯೇ ಹೊರಡಿ. ಹಾಜರಾತಿಯನ್ನು ಪ್ರತಿ ಕೋರ್ಸಿಗೆ ಬೇರೆಬೇರೆಯಾಗಿ ನೋಡುತ್ತಾರೆಯೇ, ಒಟ್ಟಾಗಿಯೇ? ಬೆಳಗಿನ ಮೊದಲ ಗಂಟೆ ಎಷ್ಟಕ್ಕೆ, ನಿಮ್ಮ ಊರಿನ ಬಸ್ ಅದಕ್ಕೆ ಮೊದಲು ತಲಪುತ್ತದೆಯೇ? ಈ ವರ್ಷ ಯಾವ ಮೈನರ್‌ಗಳು ನಿಜವಾಗಿ ನಡೆಯುತ್ತಿವೆ, ಕಳೆದ ವರ್ಷ ಪಟ್ಟಿಯಲ್ಲಿದ್ದೂ ನಡೆಯದೆ ಹೋದದ್ದು ಯಾವುದು? ಕನ್ನಡ ಎರಡನೇ ಭಾಷೆಯಾಗಿ ಎಲ್ಲ ವಿಭಾಗದವರಿಗೂ ಸಿಗುತ್ತದೆಯೇ? ಸ್ವಯಂ ಕೋರ್ಸಿನ ಕ್ರೆಡಿಟ್ ಒಪ್ಪುತ್ತಾರೆಯೇ? ಪ್ರಾಸ್ಪೆಕ್ಟಸ್‌ನಲ್ಲಿ ಉತ್ತರವಿಲ್ಲದಿದ್ದರೆ ವಿಭಾಗದ ಮುಖ್ಯಸ್ಥರನ್ನೇ ಕಾಣಿರಿ. ಪ್ರವೇಶದ ದಿನಗಳಲ್ಲಿ ಅವರು ಕಾಲೇಜಿನಲ್ಲೇ ಇರುತ್ತಾರೆ.

ಕನ್ನಡ ಕೋರ್ಸು ಬೇಕೆನ್ನುವವರು ನಾಲ್ಕಾರು ಮಂದಿ ಇದ್ದರೆ ಒಟ್ಟಾಗಿ ಲಿಖಿತ ಮನವಿ ಕೊಡಿ, ಒಂದು ಪ್ರತಿಗೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದು ವೇಳಾಪಟ್ಟಿ ತಯಾರಾಗುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಭಾಷೆ ಮತ್ತು ಮೈನರ್ ಬದಲಾವಣೆಗೆ ಕೊನೆಯ ದಿನಾಂಕ ಸಾಮಾನ್ಯವಾಗಿ ತರಗತಿ ಶುರುವಾದ ಬಳಿಕ ಬೇಗನೆ ಮುಗಿದುಹೋಗುತ್ತದೆ. ಅದನ್ನು ಮೊದಲ ದಿನವೇ ಬರೆದಿಟ್ಟುಕೊಂಡು, ಅಷ್ಟರೊಳಗೆ ಎಲ್ಲ ತರಗತಿಗಳಲ್ಲೂ ಒಂದೊಂದು ಬಾರಿಯಾದರೂ ಕುಳಿತು ನೋಡಿ.